ಚಾವಡಿಯ ಟವರ್ ಸ್ಪೀಕರ್ ಬದಲಿಸಬೇಕು: ಸಬ್‌ವೂಫರ್ ಒಳಗೇ ಇರುವುದು ಒಳ್ಳೆಯದಾ, ಬೇರೆ ಇಡುವುದಾ?

ಪೆರ್ಲದವ:

ಎಲ್ಲರಿಗೂ ನಮಸ್ಕಾರ. ಪೆರ್ಲ ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಹಂಚಿನ ಮಾಡು, ಹಲಗೆಯ ಅಟ್ಟ, ಕೆಂಪು ಕಾವಿ ನೆಲ. ಚಾವಡಿಯಲ್ಲಿ ಒಂದು ಜೊತೆ ಟವರ್ ಸ್ಪೀಕರ್ ಉಂಟು. 2003ರಲ್ಲಿ ಭಾವ ದುಬೈಯಿಂದ ಬರುವಾಗ ತಂದದ್ದು. ಎರಡು ಮಳೆಗಾಲದ ಹಿಂದೆ ವೂಫರಿನ ಸುತ್ತಲಿನ ಫೋಮ್ ಮುಟ್ಟಿದರೆ ಪುಡಿಯಾಗುವ ಹಾಗೆ ಆಯಿತು. ಕಾಸರಗೋಡಿನಲ್ಲಿ ರಿಪೇರಿಯವರೊಬ್ಬರು ಹೊಸದು ಅಂಟಿಸಿ ಕೊಟ್ಟರು. ಈಗ ಎಡಗಡೆಯ ಪೆಟ್ಟಿಗೆಯ ಅಡಿಗೆ ಗೆದ್ದಲು ಹಿಡಿದಿದೆ. ಇನ್ನು ಅದನ್ನು ಬಚ್ಚಲ ಒಲೆಗೆ ಹಾಕಿ ಅಂತ ಮನೆಯವಳ ತೀರ್ಪು.

ನಾನು ಕೇಳುವುದು ಹೆಚ್ಚಾಗಿ ಯಕ್ಷಗಾನ, ತಾಳಮದ್ದಳೆ. ಮಗ ಬೆಂಗಳೂರಿನಿಂದ ಬಂದಾಗ ಸಿನಿಮಾ. ಅವನಿಗೆ ಬೇಸ್, ಅಂದರೆ ತಗ್ಗಿನ ದಪ್ಪ ಸ್ವರ, ಸಾಲದು. ನನಗೂ ಒಂದು ಕೊರತೆ ಉಂಟು. ಆಟದಲ್ಲಿ ರಂಗಸ್ಥಳದ ಎದುರು ಕೂತರೆ ಚೆಂಡೆಯ ಪೆಟ್ಟು ಎದೆಗೆ ತಾಗುತ್ತದೆ ಅಲ್ವಾ? ಮನೆಯಲ್ಲಿ ಅದು ಕಿವಿಗೆ ಮಾತ್ರ.

ಪವರ್ಡ್ ಸಬ್‌ವೂಫರ್ ಒಳಗೇ ಇರುವ ಟವರ್ ತೆಗೆದುಕೊಳ್ಳೋಣ ಅಂತ ಮಗ ಹೇಳುತ್ತಾನೆ. ಸಬ್‌ವೂಫರ್ ಅಂದರೆ ಬೇಸಿಗೆಂದೇ ಇರುವ ಸ್ಪೀಕರ್, ಪವರ್ಡ್ ಅಂದರೆ ಅದಕ್ಕೆ ಸ್ವಂತ ಆಂಪ್ಲಿಫೈಯರ್ ಇರುವುದು. ಚಾವಡಿ 16 ಅಡಿ ಉದ್ದ, 12 ಅಡಿ ಅಗಲ. ಕೂರುವ ಬೆಂಚು ಹಿಂದಿನ ಗೋಡೆಗೆ ತಾಗಿ. 5.1 ರಿಸೀವರ್ (ಐದು ಸ್ಪೀಕರ್, ಒಂದು ಸಬ್ ಜೋಡಿಸಬಹುದಾದ ಆಂಪ್ಲಿಫೈಯರ್) ಉಂಟು, ಆದರೆ ಜೋಡಿಸಿದ್ದು ಎರಡೇ ಸ್ಪೀಕರ್. ಅಮ್ಮನಿಗೆ 82 ವರ್ಷ, ನೆಲದಲ್ಲಿ ಇನ್ನೊಂದು ಪೆಟ್ಟಿಗೆ ಕಂಡರೆ ಆಗುವುದಿಲ್ಲ. ತಂಗಿಯ ಮಗ ಅಮೆರಿಕದಿಂದ ಬರುವವನಿದ್ದಾನೆ, ಅವನ ಹತ್ತಿರ ತರಿಸಬಹುದಾ?

ಉಪ್ಪಳದ ವೈರ್:

ಅಣ್ಣಾ, ಮಗ ಹೇಳಿದ್ದು ತಪ್ಪಲ್ಲ. ಈ ತರದ ಟವರುಗಳನ್ನು ಜನಪ್ರಿಯ ಮಾಡಿದ ಹೆಸರು ಡೆಫಿನಿಟಿವ್ ಟೆಕ್ನಾಲಜಿ. ಅದು 1990ರದ್ದು. ಆಮೇಲೆ 2010ರಲ್ಲಿ ಗೋಲ್ಡನ್‌ಇಯರ್ ಬಂತು. ಎರಡನ್ನೂ ಕಟ್ಟಿದವರಲ್ಲಿ ಸ್ಯಾಂಡಿ ಗ್ರಾಸ್ ಇದ್ದರು. ಅದಕ್ಕೂ ಮೊದಲು ಪೋಕ್ ಆಡಿಯೋ ಶುರು ಮಾಡಿದವರಲ್ಲೂ ಅವರೇ. ಗೋಲ್ಡನ್‌ಇಯರಿನ ಟ್ರೈಟನ್ ಒನ್‌ನಲ್ಲಿ ಒಂದೊಂದು ಟವರಿನ ಒಳಗೆ ಬೇಸಿಗೆಂದೇ 1600 ವ್ಯಾಟ್ ಎನ್ನುವ ಆಂಪ್ಲಿಫೈಯರ್. ನಿಮ್ಮ ಚಾವಡಿಗೆ ಅದು ಮದುವೆಗೆ ಲಾರಿ ತಂದ ಹಾಗೆ, ಆದರೂ ಹೇಳಿದೆ.

ಲಾಭ ಏನೆಂದರೆ, ಬೇಸಿನ ಭಾರ ರಿಸೀವರಿಗೆ ಬೀಳುವುದಿಲ್ಲ. ಸಬ್ಬಿಗೂ ಮೇಲಿನ ಡ್ರೈವರಿಗೂ (ಶಬ್ದ ಹೊರಡಿಸುವ ಭಾಗ) ಹೊಂದಾಣಿಕೆ ಕಂಪನಿಯವರೇ ಮಾಡಿರುತ್ತಾರೆ. ನೆಲದಲ್ಲಿ ಮೂರನೇ ಪೆಟ್ಟಿಗೆ ಇಲ್ಲ, ಅಮ್ಮನಿಗೂ ಖುಷಿ. ಸ್ಪೀಕರ್ ವೈರ್ ಒಂದೇ ಎಳೆದರೆ ರಿಸೀವರಿನಲ್ಲಿ ಅದನ್ನು ‘ಲಾರ್ಜ್’ ಅಂತ ಇಡಿ, ಅಂದರೆ ಬೇಸ್ ಪೂರ್ತಿ ಟವರಿಗೇ ಹೋಗುವ ಹಾಗೆ, ಸಬ್ ಇಲ್ಲ ಅಂತ ಹೇಳಿ. ಅಷ್ಟು ಸಾಕು. ಪ್ಲಗ್ ಮಾತ್ರ ಎರಡು ಬೇಕು, ಒಂದೊಂದು ಟವರಿನ ಬುಡಕ್ಕೆ ಒಂದೊಂದು.

ಕುಂಬಳೆ ಮಾಷ್ಟ್ರು:

ನಾನು ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದವ, ಹಾಗಾಗಿ ಸ್ವಲ್ಪ ಕೊರೆಯುತ್ತೇನೆ.

ಸ್ಪೀಕರ್ ಬಿಡಿ, ಮೊದಲು ಚಾವಡಿ ನೋಡಿ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. 16 ಅಡಿ ಅಂದರೆ 4.9 ಮೀಟರ್. ಅರ್ಧ ಅಲೆ ಆ ಉದ್ದಕ್ಕೆ ಸರಿಯಾಗಿ ಕೂರುವುದು ಸೆಕೆಂಡಿಗೆ 35 ಕಂಪನ, ಅಂದರೆ 35 ಹರ್ಟ್ಸ್‌ನಲ್ಲಿ. 12 ಅಡಿ ಅಗಲಕ್ಕೆ 47. ಈ ಎರಡು ಸ್ವರ ನಿಮ್ಮ ಕೋಣೆಯಲ್ಲಿ ಗೋಡೆಯ ಹತ್ತಿರ ಉಬ್ಬುತ್ತವೆ, ನಡುವೆ ಸೋರಿ ಹೋಗುತ್ತವೆ. ನೀವು ಕೂತದ್ದು ಗೋಡೆಗೆ ತಾಗಿ! ಅಲ್ಲಿ ಯಾವ ಸ್ಪೀಕರ್ ಆದರೂ ಗುಂಯ್ ಅನ್ನದೆ ಇರುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಭಾಗವತರು ನಡುವೆ ನಿಂತು ಹಾಡಿದ ಹಾಗೆ ಕೇಳಬೇಕಾದರೆ ಟವರುಗಳು ಒಂದು ನಿರ್ದಿಷ್ಟ ಜಾಗದಲ್ಲಿ ಇರಬೇಕು. ಬೇಸ್ ಸಮವಾಗಿ ಬರುವ ಜಾಗ ಅದೇ ಆಗಿರುವುದು ಅಪರೂಪ. ಸಬ್ಬನ್ನು ಟವರಿನ ಹೊಟ್ಟೆಯೊಳಗೆ ಇಟ್ಟರೆ ಎರಡನ್ನೂ ಒಂದೇ ಕಂಬಕ್ಕೆ ಕಟ್ಟಿದ ಹಾಗೆ. ಟವರ್ ಕಂಪನಿಗಳಿಗೂ ಇದು ಗೊತ್ತು. ವ್ಯಾಂಡರ್‌ಸ್ಟೀನ್ ಕ್ವಾಟ್ರೊದಲ್ಲಿ ಬೇಸನ್ನು ಕೋಣೆಗೆ ತಿದ್ದಲಿಕ್ಕೆಂದೇ 11 ಬ್ಯಾಂಡಿನ ಈಕ್ವಲೈಸರ್ (ಒಂದೊಂದು ಸ್ವರಪಟ್ಟಿಯನ್ನು ಬೇರೆ ಬೇರೆ ಏರಿಸಿ ಇಳಿಸುವಂಥದ್ದು) ಕೊಟ್ಟಿದ್ದಾರೆ. ಆದರೆ ತಿದ್ದಿ ಉಬ್ಬನ್ನು ಇಳಿಸಬಹುದು, ಸೋರಿ ಹೋದದ್ದನ್ನು ತುಂಬಿಸುವುದು ಕಷ್ಟ. ಬೇರೆ ಸಬ್ಬಾದರೆ ಸುಮ್ನೆ ಎತ್ತಿ ಇನ್ನೊಂದು ಮೂಲೆಗೆ ಇಟ್ಟರಾಯಿತು.

ಇನ್ನು ಚೆಂಡೆ. ಎದೆಗೆ ತಾಗುವ ಪೆಟ್ಟು ಇರುವುದು 100 ಹರ್ಟ್ಸ್‌ನ ಆಸುಪಾಸಿನಲ್ಲಿ, 20ರಲ್ಲಿ ಅಲ್ಲ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯೇ 41. ಅದರ ಕೆಳಗಿನದ್ದೆಲ್ಲ ಮಗನ ಸಿನಿಮಾಕ್ಕೆ. ಅಲ್ಲದೆ ಯಾರೋ ಮೊಬೈಲಿನಲ್ಲಿ ಹಿಡಿದ ತಾಳಮದ್ದಳೆಯಲ್ಲಿ ಇಲ್ಲದ್ದನ್ನು ಯಾವ ಟವರೂ ಹುಟ್ಟಿಸಲಾರದು ಮಾರಾಯ್ರೇ.

ಒಂದು ಕೆಲಸ ಮಾಡಿ. ಯಾರದಾದರೂ ಸಬ್ ಒಂದು ದಿನಕ್ಕೆ ಕೇಳಿ ತನ್ನಿ. ಅದನ್ನು ನೀವು ಕೂರುವ ಜಾಗದಲ್ಲಿ ಇಡಿ, ಬೇಸ್ ಇರುವ ಹಾಡು ಹಾಕಿ. ಗೋಡೆಯ ಉದ್ದಕ್ಕೂ ಅಂಬೆಗಾಲಿನಲ್ಲಿ ಹೋಗಿ ಕೇಳಿ. ಎಲ್ಲಿ ಸಮವಾಗಿ ಕೇಳುತ್ತದೋ ಸಬ್ಬಿನ ಜಾಗ ಅದು.

ಮುಳ್ಳೇರಿಯ ಸಿಡಿಲು:

ನನ್ನ ಹೆಸರೇ ಯಾಕೆ ಹೀಗೆ ಅಂತ ಹೇಳುತ್ತೇನೆ. ನನ್ನಲ್ಲಿ ಪವರ್ಡ್ ಟವರ್ ಇತ್ತು. ತುಲಾ ತಿಂಗಳ ಒಂದು ಸಂಜೆ ಪ್ಲಗ್ ಎಳೆಯಲು ಮರೆತೆ. ಎರಡು ಟವರಿನ ಆಂಪ್ಲಿಫೈಯರೂ ಒಟ್ಟಿಗೇ ಹೋದವು. ಮೇಲಿನ ಡ್ರೈವರ್ ಹಾಡುತ್ತಿತ್ತು, ಕೆಳಗೆ ಮೌನ. ಬೋರ್ಡ್ ಸಿಗಲಿಕ್ಕೆ ಏಳು ತಿಂಗಳು. ಬೇರೆ ಸಬ್ ಸುಟ್ಟರೆ ಅದೊಂದನ್ನು ಬದಲಿಸಬಹುದು, ಟವರಿನದ್ದು ಸುಟ್ಟರೆ ಆ ಮಾಡೆಲಿನ ಬೋರ್ಡೇ ಬೇಕು.

ಅಮೆರಿಕದಿಂದ ತರಿಸುವುದಾದರೆ ಹಿಂದಿನ ಲೇಬಲ್ ಓದಲಿಕ್ಕೆ ಹೇಳಿ. ಅಲ್ಲಿ 120 ವೋಲ್ಟ್, ನಮ್ಮಲ್ಲಿ 230. ಸಾಧಾರಣ ಟವರಿಗೆ ಇದು ಲೆಕ್ಕಕ್ಕಿಲ್ಲ, ಅದಕ್ಕೆ ಕರೆಂಟೇ ಬೇಡ. ಒಳಗೆ ಆಂಪ್ಲಿಫೈಯರ್ ಇದ್ದರೆ ಟ್ರಾನ್ಸ್‌ಫಾರ್ಮರ್ ಬೇಕಾದೀತು. ನಿಮ್ಮ ಭಾವ ತಂದ ಕಾಲ ಬೇರೆ, ದುಬೈಯದ್ದು ನಮ್ಮದೇ ವೋಲ್ಟೇಜ್.

ಪೆರ್ಲದವ:

ಮೂರು ವಾರ ಆಯಿತು, ಎಂತ ಆಯಿತು ಅಂತ ಹೇಳಬೇಕಲ್ಲ.

ಮೊದಲು ಬೆಂಚನ್ನು ಗೋಡೆಯಿಂದ ಮೂರು ಅಡಿ ಮುಂದೆ ತಂದೆ. ಖರ್ಚು ಸೊನ್ನೆ. ಮಾಷ್ಟ್ರೇ, ಗುಂಯ್ ಅನ್ನುವುದು ಅರ್ಧ ಅಲ್ಲಿಗೇ ಕಡಿಮೆಯಾಯಿತು! ಇಪ್ಪತ್ತು ವರ್ಷ ನಾನು ಸ್ಪೀಕರಿಗೆ ಬೈದದ್ದು ಸುಮ್ನೆ.

ಮತ್ತೆ ನೆರೆಮನೆಯ ಹುಡುಗನ ಹತ್ತು ಇಂಚಿನ ಸಬ್ ತಂದು ಬೆಂಚಿನ ಮೇಲೆ ಇಟ್ಟೆ. ಚಾವಡಿಯ ಸುತ್ತ ಅಂಬೆಗಾಲು. ಅಮ್ಮ ಒಳಗಿಂದ ಬಂದವರು ಸ್ವಲ್ಪ ಹೊತ್ತು ನೋಡಿದರು. “ಎಂತ ಬಿದ್ದುಹೋಯ್ತು ಮಗಾ?” ಅಂತ ಕೇಳಿ ಅವರೂ ಬಗ್ಗಿ ಹುಡುಕಲಿಕ್ಕೆ ಶುರು ಮಾಡಿದರು. ಟಿವಿಯ ಹತ್ತಿರದ ಮೂಲೆಯಲ್ಲಿ ಬೇಸ್ ಹೊಲಸು. ಒಳ್ಳೆಯದಾಗಿ ಕೇಳಿದ್ದು ಭತ್ತದ ಪತ್ತಾಯದ ಪಕ್ಕ, ಟವರಿನಿಂದ ಏಳೆಂಟು ಅಡಿ ದೂರ. ಟವರಿನ ಒಳಗೆ ಸಬ್ ಇದ್ದಿದ್ದರೆ ಆ ಜಾಗಕ್ಕೆ ಹೋಗುವ ಹಾಗೇ ಇರಲಿಲ್ಲ.

ಹಾಗಾಗಿ ಹೊಸ ಟವರ್ ತರಲಿಲ್ಲ. ಒಂದು ಸಬ್ ತಂದೆ, ಪತ್ತಾಯದ ಪಕ್ಕವೇ ಇಟ್ಟೆ. ರಿಸೀವರಿನಲ್ಲಿ ಟವರನ್ನು ‘ಸ್ಮಾಲ್’ ಮಾಡಿ 80 ಹರ್ಟ್ಸ್‌ನ ಕೆಳಗಿನದ್ದನ್ನು ಸಬ್ಬಿಗೆ ಬಿಟ್ಟಿದ್ದೇನೆ. ಹಳೆಯ ಟವರಿಗೆ ಉಸಿರು ಬಂದ ಹಾಗಾಗಿದೆ. ಗೆದ್ದಲು ತಿಂದ ಅಡಿಯನ್ನು ಆಚಾರಿ ಕತ್ತರಿಸಿ ಹಲಸಿನ ಹಲಗೆ ಕೂರಿಸಿದ್ದಾನೆ. ಬಚ್ಚಲ ಒಲೆಗೆ ಹೋದದ್ದು ಅಷ್ಟೇ ತುಂಡು. ಸಿಡಿಲಿನ ಹೊತ್ತಿಗೆ ಒಂದು ಪ್ಲಗ್ ಎಳೆದರೆ ಸಾಕು, ಮುಳ್ಳೇರಿಯದ ಅಣ್ಣ ಹೇಳಿದ್ದು ಗೋಡೆಯಲ್ಲಿ ಬರೆದಿಟ್ಟಿದ್ದೇನೆ.

ಎದುರು ಕೂತ ಹಾಗೆ ಆಯಿತಾ ಅಂತ ಕೇಳಿದರೆ, ಇಲ್ಲ. ಒಳ್ಳೆಯ ರೆಕಾರ್ಡಿಂಗ್ ಆದರೆ ಮುಕ್ಕಾಲು ವಾಸಿ ಬರುತ್ತದೆ.

ಉಪ್ಪಳದ ವೈರ್:

ಅಮ್ಮ ಆ ಮೂರನೇ ಪೆಟ್ಟಿಗೆಗೆ ಒಪ್ಪಿದರಾ?

ಪೆರ್ಲದವ:

ಒಪ್ಪಿದ್ದು ಮಾತ್ರ ಅಲ್ಲ. ಎಲೆ ಅಡಿಕೆಯ ಹರಿವಾಣ ಇಡಲಿಕ್ಕೆ ಅದರ ಎತ್ತರ ಸರಿಯಾಗಿದೆ ಅಂತ ಅಲ್ಲೇ ಇಟ್ಟುಕೊಂಡಿದ್ದಾರೆ. ಸಬ್ ಗುಡುಗಿದಾಗಲೆಲ್ಲ ಹರಿವಾಣದಲ್ಲಿ ಅಡಕತ್ತರಿ ಝಣ್ ಅನ್ನುತ್ತದೆ. ನಿನ್ನೆ ತೆಗೆದು ಪತ್ತಾಯದ ಮೇಲೆ ಇಟ್ಟೆ. ಇವತ್ತು ಬೆಳಿಗ್ಗೆ ನೋಡಿದರೆ ಮತ್ತೆ ಅಲ್ಲೇ ಉಂಟು.