ಸೆಕೆಗಾಲದ ಮದುವೆಗೆ ಸ್ಯಾಟಿನ್ ಗೌನ್ ಆಗುತ್ತಾ?

ಕೆನೆಬಣ್ಣ: ಮದುವೆ ಸೆಕೆಗಾಲದಲ್ಲಿ, ಗಾಳಿಯಲ್ಲಿ ತೇವವೂ ಜಾಸ್ತಿ. ಮಧ್ಯಾಹ್ನ ಬಯಲಲ್ಲಿ, ಸಂಜೆ ಎಸಿ ಹಾಲ್‌ನಲ್ಲಿ. ತಿಳಿ ಕೆನೆಬಣ್ಣದ ಉದ್ದ ಗೌನ್ ಹೊಲಿಸಬೇಕು. ಸ್ಯಾಟಿನ್ ಹೊಳಪು ಇಷ್ಟ, ಆದರೆ ಅದರಲ್ಲಿ ಬೇಯುತ್ತೆ ಅಂತಾರೆ. ಶಿಫಾನ್ ತಗೊಂಡರೆ ತಂಪಿರುತ್ತಾ?

ಕತ್ತರಿ: ಸ್ಯಾಟಿನ್ ನೂಲಿನ ಹೆಸರಲ್ಲ, ನೇಯ್ಗೆಯ ಹೆಸರು. ರೇಷ್ಮೆಯಲ್ಲೂ ಬರುತ್ತೆ, ಪಾಲಿಯೆಸ್ಟರಲ್ಲೂ ಬರುತ್ತೆ. ಶಿಫಾನ್, ಕ್ರೇಪ್ (ಸಣ್ಣ ಸುಕ್ಕಿನ ಮೈಯ ಬಟ್ಟೆ), ಆರ್ಗಾಂಜಾ (ತೆಳುವಾಗಿ ಸೆಟೆದಿರೋ ಬಟ್ಟೆ) ಕತೆಯೂ ಅದೇ. ಹಾಗಾಗಿ ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ನೂಲು ಯಾವುದು ಅಂತ. ರೇಷ್ಮೆ ತನ್ನ ತೂಕದ ಹೆಚ್ಚುಕಡಿಮೆ 30% ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸಲ್ಲ. ಪಾಲಿಯೆಸ್ಟರ್ 1% ಕೂಡ ಹೀರಲ್ಲ, ಬೆವರು ಮೈಮೇಲೇ ಉಳಿಯುತ್ತೆ. ಪಾಲಿಯೆಸ್ಟರ್ ಶಿಫಾನ್ ಎಷ್ಟೇ ತೆಳುವಾಗಿದ್ದರೂ ಅಂಟಿಕೊಳ್ಳೋದು ಅದಕ್ಕೇ. ಅನುಮಾನ ಬಂದರೆ ಅಂಚಿನ ನಾಲ್ಕೆಳೆ ಬಿಚ್ಚಿ, ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗೋ ಬೂದಿ ಬಂದರೆ ರೇಷ್ಮೆ. ಕರಗಿ ಗಟ್ಟಿ ಮಣಿ ಕಟ್ಟಿದರೆ ಪಾಲಿಯೆಸ್ಟರ್.

ನೂಲುಂಡೆ: ಅದೆಲ್ಲ ಸರಿ, ಲೈನಿಂಗ್ ಬಗ್ಗೆ ಯಾರೂ ಕೇಳಲ್ಲ! ಮೇಲೆ ಅಪ್ಪಟ ರೇಷ್ಮೆ ಹಾಕಿ ಒಳಗೆ ಪಾಲಿಯೆಸ್ಟರ್ ಕೊಟ್ಟರೆ ಮೈಗೆ ತಾಗೋದು ಪಾಲಿಯೆಸ್ಟರೇ. ರವಿಕೆ ಭಾಗಕ್ಕೆ ಕಾಟನ್ ವಾಯಿಲ್ (ತೆಳು ಹತ್ತಿ ಬಟ್ಟೆ) ಹಾಕಿಸಿ. ಸ್ಕರ್ಟ್‌ಗೆ ಮಾತ್ರ ವಿಸ್ಕೋಸ್ (ಮರದ ತಿರುಳಿನಿಂದ ಮಾಡೋ ನುಣುಪು ಬಟ್ಟೆ) ಇರಲಿ, ಯಾಕಂದ್ರೆ ಕಾಟನ್ ಜಾರಲ್ಲ, ನಡೆಯುವಾಗ ಕಾಲಿಗೆ ಸುತ್ತಿಕೊಳ್ಳುತ್ತೆ. ಎರಡನ್ನೂ ಕತ್ತರಿಸೋ ಮುಂಚೆ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಸಿ. ಇಲ್ಲದಿದ್ದರೆ ಆಮೇಲೆ ಹಬೆ ತಾಗಿದಾಗ ಲೈನಿಂಗ್ ಕುಗ್ಗಿ ಹೊಲಿಗೆ ಸುರುಟುತ್ತೆ.

ಇಂಚುಪಟ್ಟಿ: ಬಯಲು ಬಿಸಿಲಿಗೆ ರೇಷ್ಮೆ ಸ್ಯಾಟಿನ್ ನಾನು ಹೇಳಲ್ಲ. ತಿಳಿ ಬಣ್ಣದ ಮೇಲೆ ಬೆವರಿನ ಕಲೆ ದೂರಕ್ಕೇ ಕಾಣುತ್ತೆ, ಕೆಲವು ಬಟ್ಟೆಯಲ್ಲಿ ಬರೀ ನೀರಿನ ಹನಿಯೂ ಗುರುತು ಬಿಡುತ್ತೆ. ಹೊಳಪು ಕಮ್ಮಿ ಇರೋ ರೇಷ್ಮೆ ಕ್ರೇಪ್ ಇದನ್ನು ಬಹಳಷ್ಟು ಮರೆಸುತ್ತೆ. ಹೊಳಪು ಬೇಕೇ ಬೇಕಂದ್ರೆ ಸೊಂಟದ ಕೆಳಗೆ ಸ್ಯಾಟಿನ್, ಮೇಲೆ ಕ್ರೇಪ್. ಕಂಕುಳಿಗೆ ಬಿಚ್ಚಿ ತೆಗೆಯುವಂಥ ಕಾಟನ್ ಪ್ಯಾಡ್ ಇರಲಿ. ಕ್ರೇಪನ್ನು ಓರೆಯಾಗಿ ಕತ್ತರಿಸಿದ್ದರೆ ಅಂಚು ಮಡಿಸೋ ಮುಂಚೆ ಎರಡು ದಿನ ನೇತುಹಾಕಿಸಿ. ಅದು ಜೋತು ಬಿದ್ದು ಉದ್ದವಾಗುತ್ತೆ, ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ರೇಷ್ಮೆ ಆರ್ಗಾಂಜಾ ಈ ಹವೆಯಲ್ಲಿ ಸೆಟೆದು ನಿಲ್ಲಲ್ಲ, ಸೋತುಬಿಡುತ್ತೆ.

ಕೆನೆಬಣ್ಣ: ಕ್ರೇಪ್ ನೋಡ್ತೀನಿ. ಕೊಳ್ಳೋ ಮುಂಚೆ ಪರೀಕ್ಷೆ ಹೇಗೆ?

ಇಂಚುಪಟ್ಟಿ: ಅಂಗೈಯಗಲ ತುಂಡು ಕೇಳಿ ತನ್ನಿ. ಅದೇ ಲೈನಿಂಗ್ ಜೊತೆ ಸೇರಿಸಿ ಕಂಕುಳಲ್ಲಿಟ್ಟು ಬಿಸಿಲಲ್ಲಿ ಅರ್ಧ ಗಂಟೆ ಓಡಾಡಿ, ಕಲೆ ನೋಡಿ. ಒಣಗಿದ ಮೇಲೂ ಅಂಚುಗೆರೆ ಉಳಿದರೆ ಆ ಬಟ್ಟೆ ಬೇಡ. ಬಣ್ಣ ಮಾತ್ರ ಹಗಲಲ್ಲಿ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ ನೋಡಿ.