ಪದಚರ್ಚೆ: ಕ್ವಾದ್ರೊ, ಪಿಂತೂರ, ಓಬ್ರ – ಯಾವುದು ಎಲ್ಲಿಗೆ?

ಮಾನ್ಯರೇ, ಮಡ್ರಿಡ್‌ನಲ್ಲಿ ನಡೆಯಲಿರುವ ಸಣ್ಣ ಕಲಾಪ್ರದರ್ಶನವೊಂದಕ್ಕೆ ಸ್ಪ್ಯಾನಿಷ್ ಫಲಕಗಳನ್ನು ಬರೆದುಕೊಡಬೇಕಾಗಿದೆ. ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು, ತಾಮ್ರದ ತಗಡಿನಿಂದ ಅಚ್ಚು ತೆಗೆದ ಹಾಳೆಗಳು ಹಾಗೂ ಒಂದು ಭಿತ್ತಿಚಿತ್ರ ಅಲ್ಲಿರುತ್ತವೆ. ಎಲ್ಲಕ್ಕೂ ‘ಕ್ವಾದ್ರೊ’ ಎಂದರೆ ನಡೆಯುತ್ತದೆಯೇ, ‘ಪಿಂತೂರ’ ಎನ್ನಬೇಕೇ? ಫಲಕಗಳು ನಾಳೆಯೇ ಮುದ್ರಣಕ್ಕೆ ಹೋಗುತ್ತವೆ.

ಉತ್ತರ: ನಡೆಯುವುದಿಲ್ಲ. ‘ಕ್ವಾದ್ರೊ’ ಚೌಕವೆಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದದ್ದು. ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಬಹುದಾದ, ಬೇಕೆಂದಾಗ ಇಳಿಸಿ ಒಯ್ಯಬಹುದಾದ ಚಿತ್ರಕ್ಕೆ ಮಾತ್ರ ಅದು ಸಲ್ಲುತ್ತದೆ. ಸ್ಪ್ಯಾನಿಷ್ ಚಿತ್ರಕಾರ ಗೋಯ ತನ್ನ ಕ್ವಿಂತಾ ದೆಲ್ ಸೋರ್ದೊ ಮನೆಯ ಗೋಡೆಗಳ ಮೇಲೆಯೇ ಬರೆದ ಚಿತ್ರಗಳನ್ನು 1874ರಿಂದ ಕ್ಯಾನ್ವಾಸಿಗೆ ವರ್ಗಾಯಿಸಲಾಯಿತು. ಅವು ಇಂದು ಮಡ್ರಿಡ್‌ನ ಪ್ರಾದೊ ಸಂಗ್ರಹಾಲಯದಲ್ಲಿ ತೂಗುತ್ತಿದ್ದರೂ ಅವುಗಳ ಒಟ್ಟು ಹೆಸರು ‘ಪಿಂತೂರಾಸ್ ನೇಗ್ರಾಸ್’ (ಕಪ್ಪು ಚಿತ್ರಗಳು) ಎಂದೇ ಉಳಿದಿದೆ. ಆದ್ದರಿಂದ ಭಿತ್ತಿಚಿತ್ರಕ್ಕೆ ‘ಪಿಂತೂರ ಮುರಾಲ್’ ಎಂದು ಬರೆಯಿರಿ. ಬರಿಯ ‘ಪಿಂತೂರ’ ಎಂದರೆ ಚಿತ್ರವೂ ಹೌದು, ಚಿತ್ರಕಲೆಯೂ ಹೌದು, ಡಬ್ಬಿಯಲ್ಲಿ ಮಾರುವ ಬಣ್ಣವೂ ಹೌದು.

ಅಚ್ಚಿನ ಹಾಳೆಗಳಲ್ಲಿ ಎಚ್ಚರ ಹೆಚ್ಚು ಬೇಕು. 1799ರಲ್ಲಿ ಪ್ರಕಟವಾದ ಗೋಯನ ‘ಕಾಪ್ರಿಚೋಸ್’ ಮಾಲಿಕೆಯಲ್ಲಿ 80 ಹಾಳೆಗಳಿವೆ. ಕೊರೆದ ತಾಮ್ರದ ತಗಡು ‘ಲಾಮಿನ’, ಕೊರೆಯುವ ವಿಧಾನ ‘ಗ್ರಬಾದೊ’, ಮಸಿ ಹಿಡಿಸಿ ಒತ್ತಿದಾಗ ಹೊರಬರುವ ಕಾಗದ ‘ಎಸ್ತಾಂಪ’. ಮಾತಿನಲ್ಲಿ ಜನ ಹಾಳೆಯನ್ನೂ ‘ಗ್ರಬಾದೊ’ ಎನ್ನುತ್ತಾರೆ, ಆದರೆ ಗೋಡೆಯ ಫಲಕಕ್ಕೆ ಆ ಸಡಿಲು ಒಪ್ಪುವುದಿಲ್ಲ.

ಮತ್ತೊಂದು ಉತ್ತರ: ಇಷ್ಟೊಂದು ಜಾಲಾಡುವ ಅಗತ್ಯವೇನಿದೆ? ಎಲ್ಲಕ್ಕೂ ‘ಓಬ್ರ’ (ಕೃತಿ, ಕೆಲಸ) ಎಂದು ಬರೆದರೆ ಮುಗಿಯಿತು. ಅದಿರಲಿ, ಕನ್ನಡದಲ್ಲಿ ಬರೆಯುವಾಗ ನಿಮಗಿಬ್ಬರಿಗೂ ‘ಕ್ಯಾನ್ವಾಸ್’ ಏಕೆ ಬೇಕಾಯಿತು? ‘ಅರಿವೆ’ ಸತ್ತಿಲ್ಲವಲ್ಲ!

ಉತ್ತರ: ರಸ್ತೆ ಅಗೆಯುವ ಕಡೆಯೂ ‘ಓಬ್ರಾಸ್’ ಎಂಬ ಫಲಕವೇ ಇರುತ್ತದೆ. ಒಟ್ಟು ಸಂಗ್ರಹದ ಬಗ್ಗೆ ಹೇಳುವಾಗ ಅದು ಸರಿಯಾದರೂ ಒಂದೊಂದು ಕೃತಿಯ ಕೆಳಗೆ ಅದರಿಂದ ಏನೂ ತಿಳಿಯುವುದಿಲ್ಲ. ಇನ್ನು ಎರವಲಿನ ಮಾತು. ಸ್ಪ್ಯಾನಿಷ್ ಚಿತ್ರಕಾರ ವೆಲಾಸ್ಕೆಸ್ 1656ರಲ್ಲಿ ಬರೆದ ಚಿತ್ರವನ್ನು ಹಳೆಯ ಅರಮನೆ ಪಟ್ಟಿಗಳು ‘ಕುಟುಂಬ’ದ ಚಿತ್ರವೆಂದೇ ಕರೆದಿದ್ದವು, ‘ಲಾಸ್ ಮೆನಿನಾಸ್’ ಎಂಬ ಹೆಸರು ಪ್ರಾದೊದ 1843ರ ಪಟ್ಟಿಯಲ್ಲಿ ಬಂತು. ಆ ‘ಮೆನಿನ’ ಹುಡುಗಿ ಎಂಬರ್ಥದ ಪೋರ್ಚುಗೀಸ್ ಪದ. ಸ್ಪೇನಿನವರು ತಮ್ಮ ಅತಿ ಪ್ರಸಿದ್ಧ ಚಿತ್ರಕ್ಕೇ ನೆರೆಯ ನುಡಿಯ ಹೆಸರಿಟ್ಟುಕೊಂಡು ನೆಮ್ಮದಿಯಾಗಿರುವಾಗ ನಮ್ಮ ‘ಕ್ಯಾನ್ವಾಸ್’ ಯಾರ ದಾರಿಗೆ ಅಡ್ಡ ಬಂದಿದೆ? ಹಿಗ್ಗಿಸಿ ಕಟ್ಟಿ, ಲೇಪ ಹಚ್ಚಿ ಚಿತ್ರಕ್ಕೆ ಸಿದ್ಧಪಡಿಸಿದ ಬಟ್ಟೆಯನ್ನು ‘ಅರಿವೆ’ ಎಂದರೆ ಓದುಗರು ಒಗೆಯಲು ಹಾಕಿದ್ದೆಂದು ತಿಳಿದಾರು.

ಪ್ರಶ್ನೆ ಕೇಳಿದವರಿಗೆ: ತೈಲಚಿತ್ರದ ಫಲಕದಲ್ಲಿ ‘ಕ್ವಾದ್ರೊ’ ಕೂಡ ಬೇಡ. ಸಂಗ್ರಹಾಲಯಗಳ ರೂಢಿಯಂತೆ ಕಲಾವಿದನ ಹೆಸರು, ಶೀರ್ಷಿಕೆ, ವರ್ಷ, ಅದರ ಕೆಳಗೆ ‘ಓಲೆಯೊ ಸೋಬ್ರೆ ಲಿಯೆನ್ಸೊ’ (ಕ್ಯಾನ್ವಾಸಿನ ಮೇಲೆ ತೈಲವರ್ಣ) ಎಂದಿಷ್ಟು ಹಾಕಿ, ಅಳತೆಯಲ್ಲಿ ಎತ್ತರವನ್ನು ಮೊದಲು ಬರೆಯಿರಿ.