ಗದಗ–ಹುಬ್ಬಳ್ಳಿ ದಿನದ ಓಡಾಟಕ್ಕ ಹಳೇ ಎಲೆಕ್ಟ್ರಿಕ್ ಕಾರು ತಗೋಬಹುದೇನ್ರಿ?

ಬೆಟಗೇರಿ_ಗದಗ:
ನಮಸ್ಕಾರ್ರಿ ಎಲ್ಲಾರಿಗೂ. ವಾರದಾಗ ಆರು ದಿನ ಗದಗದಿಂದ ಹುಬ್ಬಳ್ಳಿಗೆ ಹೋಗಿ ಬರೂದೈತಿ, ಊರೊಳಗಿನ ತಿರುಗಾಟ ಕೂಡಿ ದಿನಕ್ಕ 120 ಕಿ.ಮೀ. 2021ರ ಟಾಟಾ ನೆಕ್ಸಾನ್ ಇವಿ (ಎಲೆಕ್ಟ್ರಿಕ್ ಕಾರು) ಒಂದು ಮಾರಾಟಕ್ಕೈತಿ. 30.2 ಕಿಲೋವ್ಯಾಟ್-ಅವರ್ (ಅಂದ್ರ 30.2 ಯೂನಿಟ್) ಬ್ಯಾಟರಿ, 62,000 ಕಿ.ಮೀ ಓಡೇತಿ, ಮೊದಲನೇ ಮಾಲಕರ ಕೈಯಾಗ ಐತಿ. ಮನ್ಯಾಗ ಸಿಂಗಲ್ ಫೇಸ್, 2 ಕಿಲೋವ್ಯಾಟ್ ಲೋಡ್, ಗೃಹಜ್ಯೋತಿ ಬರ್ತೈತಿ. ಬ್ಯಾಟರಿ ಚಲೋ ಐತೋ ಇಲ್ಲೋ ಅಂತ ಹೆಂಗ ನೋಡೂದು? ಮನ್ಯಾಗ ಚಾರ್ಜಿಗೆ ಹಚ್ಚಾಕ ಏನೇನು ಮಾಡಿಸಬೇಕು? ಮೂರು ವರ್ಷ ಬಿಟ್ಟು ಮಾರಿದ್ರ ಏನರ ಬರ್ತೈತೇನು? ಗೊತ್ತಿದ್ದವರು ಹೇಳ್ರಿ.

ಕೇಶ್ವಾಪುರ_ಬ್ಯಾಟರಿ:
ಡ್ಯಾಶ್‌ಬೋರ್ಡ್‌ನಾಗ ಎಷ್ಟು ಕಿ.ಮೀ ರೇಂಜ್ ತೋರಸ್ತೈತಿ ಅನ್ನೂದನ್ನ ನಂಬಬ್ಯಾಡ್ರಿ. ಅದು ಹಿಂದಿನ ಓಡಾಟದ ಮ್ಯಾಲ ಹಾಕೋ ಅಂದಾಜು. ಮೆಲ್ಲಕ ಓಡಿಸಿದವರ ಗಾಡಿ ಬ್ಯಾಟರಿ ಸೊರಗಿದ್ರೂ ದೊಡ್ಡ ಅಂಕಿ ತೋರಸ್ತೈತಿ.

ಖರೇ ಲೆಕ್ಕ ಸಿಗೋದು ಕರೆಂಟ್ ಮೀಟರ್‌ನಾಗ. ಗಾಡಿನ 100% ತುಂಬಿಸಿ, 20%ಗೆ ಬರೂತನಕ ಓಡಿಸಿ, ಮತ್ತ 100%ಗೆ ಹಚ್ಚ್ರಿ. ಹಚ್ಚೂ ಮುಂಚೆ, ತಗದ ಮ್ಯಾಲ ಮೀಟರ್ ರೀಡಿಂಗ್ ಬರಕೋರಿ. ಸಾಕೆಟ್‌ಗೆ ಸಿಗೋ ಸಣ್ಣ ಎನರ್ಜಿ ಮೀಟರ್ ಆದ್ರೂ ನಡೀತೈತಿ, 16 ಆಂಪಿಯರ್‌ದು ಇರಬೇಕು ಅಷ್ಟ. ಹೊಸಾ ಬ್ಯಾಟರಿ ಪ್ಯಾಕ್ ಆದ್ರ ಈ 80%ಗೆ ಗ್ವಾಡಿಯಿಂದ 25–27 ಯೂನಿಟ್ ಎಳೀತೈತಿ, ಅದರಾಗ ನೂರಕ್ಕ ಹತ್ತರಷ್ಟು ಚಾರ್ಜರ್‌ನಾಗ ಬಿಸಿಯಾಗಿ ಹೋಗ್ತೈತಿ. 22ಕ್ಕ ನಿಂತ್ರ ಬ್ಯಾಟರಿ ಐದನೇ ಒಂದು ಭಾಗ ಸೊರಗೇತಿ ಅಂತ ತಿಳೀರಿ. ಅಂಥಾ ಗಾಡಿಗೆ ಬೆಲೆ ಹಂಗ ಇಳಿಸಿ ಕೇಳ್ರಿ, ಇಲ್ಲಂದ್ರ ಬಿಡ್ರಿ.

ಇನ್ನೊಂದು, ಇದು ಮೊದಲಿಂದಕ್ಕಿಂತ ಮುಖ್ಯ. ಈ ಗಾಡಿಯೊಳಗಿರೋದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್. 90%ದಿಂದ 20%ತನಕ ಅದರ ವೋಲ್ಟೇಜ್ ಹೆಚ್ಚು ಕಡಿಮಿ ಒಂದೇ ಮಟ್ಟದಾಗ ನಿಂತಿರ್ತೈತಿ. ಹಂಗಾಗಿ ಒಂದು ಸೆಲ್ ಕೆಟ್ಟಿದ್ರೂ ನಡುವ ಗೊತ್ತಾಗೂದಿಲ್ಲ. ಕೆಳಗ ಬಂದಾಗ ಆ ಸೆಲ್ ಎಲ್ಲಾದಕ್ಕಿಂತ ಮೊದಲ ಖಾಲಿ ಆಗ್ತೈತಿ. 18% ಇದ್ದದ್ದು ಒಮ್ಮೆಲೆ 5%ಗೆ ಬಿದ್ದು ಗಾಡಿ ತೆವಳಾಕ ಹತ್ತತೈತಿ. ಅದಕ್ಕ ಮೀಟರ್ ಲೆಕ್ಕ ಮುಗದ ಮ್ಯಾಲ ಇನ್ನೊಂದು ಸಲ 10%ತನಕ ಇಳಿಸಿ ನೋಡ್ರಿ. ಈ ಪರೀಕ್ಷಾ ಅಣ್ಣಿಗೇರಿ ರೋಡಿನಾಗ ಬ್ಯಾಡ. ಮುಳಗುಂದ ನಾಕಾ ಸುತ್ತ, ಮನೀ ಹತ್ರಾನ ಮಾಡ್ರಿ. 20%ದಿಂದ 10%ಗೆ ಸಮಾ ಇಳದ್ರ ಸೆಲ್ ಎಲ್ಲಾ ಸರಿ ಅದಾವ.

ಕೆಳಗ ಜಾಕ್ ಹಚ್ಚಿಸಿ ಪ್ಯಾಕಿನ ತಳಾ ನೋಡ್ರಿ. ರೋಡಿನ ಹಂಪ್‌ಗೆ ಬಡದು ತಗ್ಗು ಬಿದ್ದಿದ್ರ, ಸೀಲ್ ಹತ್ರ ಕೂಲಂಟ್ (ಬ್ಯಾಟರಿ ತಂಪು ಮಾಡೋ ದ್ರವ) ಜಿನುಗಿದ ಗುರುತಿದ್ರ ಆ ಗಾಡಿ ಬ್ಯಾಡ. ಹೊರಗಿನ ಪೆಟ್ಟಿಗೆ ವಾರಂಟಿ ಕೊಡೂದಿಲ್ಲ.

ಎರೆಮಣ್ಣು_ವೈರಿಂಗ್:
ಚಾರ್ಜಿಂಗ್ ಮಾತಿಗೆ ಬರ್ತೀನಿ. 7.2 ಕಿಲೋವ್ಯಾಟ್ ಗ್ವಾಡಿ ಚಾರ್ಜರ್ ಹಾಕಸ್ರಿ ಅಂತ ಯಾರರ ಅಂದ್ರ ರೊಕ್ಕ ಕಳೀಬ್ಯಾಡ್ರಿ. ಈ ಗಾಡಿಯೊಳಗಿನ ಚಾರ್ಜರ್ ಇರೋದ 3.3 ಕಿಲೋವ್ಯಾಟ್. ಅದಕ್ಕಿಂತ ಹೆಚ್ಚು ಅದು ತಗೊಳ್ಳೂದ ಇಲ್ಲ. 15 ಆಂಪಿಯರ್ ಪಾಯಿಂಟ್ ಸಾಕು. ನಿಮ್ಮ 120 ಕಿ.ಮೀ ತುಂಬಾಕ ಆರೂವರಿ ತಾಸು, ರಾತ್ರಿ ಹತ್ತಕ್ಕ ಹಚ್ಚಿದ್ರ ನಸುಕಿನ್ಯಾಗ ಮುಗದಿರ್ತೈತಿ.

ಆದ್ರ ಆ ಪಾಯಿಂಟ್ ಅಡಗಿ ಮನೀ ಲೈನಿನಿಂದ ಎಳೀಬ್ಯಾಡ್ರಿ. ಮೇನ್ ಬೋರ್ಡಿನಿಂದ ನೇರ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ನಡುವ ಜಾಯಿಂಟ್ ಇರಬಾರದು. 20 ಆಂಪಿಯರ್ ಎಂಸಿಬಿ (ಲೋಡ್ ಹೆಚ್ಚಾದ್ರ ಬೀಳೋ ಸ್ವಿಚ್), ಅದರ ಜೋಡಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಬೀಳೋ ಸ್ವಿಚ್), ಅದರಾಗ ಟೈಪ್ ಎ ಕೇಳಿ ತಗೋರಿ. ಗೀಸರ್ ದಿನಕ್ಕ ಅರ್ಧ ತಾಸು ನಡೀತೈತಿ, ಕಾರು ರಾತ್ರಿಪೂರ್ತಿ ಎಳೀತೈತಿ. ಅಗ್ಗದ ಸಾಕೆಟ್‌ನ ಹಿತ್ತಾಳಿ ಸ್ಪ್ರಿಂಗ್ ಸಡ್ಲ ಆಗಿ ಫೇಸ್ ಪಿನ್ ಕಡೆ ಪ್ಲಾಸ್ಟಿಕ್ ಕರಗೂದು ಇದಕ್ಕ. ಹಚ್ಚಿ ಒಂದು ತಾಸಿಗೆ ಪ್ಲಗ್ ಮುಟ್ಟಿ ನೋಡ್ರಿ: ಬೆಚ್ಚಗಿದ್ರ ನಡೀತೈತಿ, ಕೈ ಹಿಡ್ಯಾಕ ಆಗದಂಗ ಸುಟ್ರ ಆಗಿಂದಾಗ ಬಂದ್ ಮಾಡ್ರಿ. ಎಕ್ಸ್‌ಟೆನ್ಶನ್ ಬೋರ್ಡ್ ಅಂತೂ ಮುಟ್ಟಬ್ಯಾಡ್ರಿ.

ನಮ್ಮ ಕಡೆ ಎಲ್ಲಾದಕ್ಕಿಂತ ಹೆಚ್ಚು ಕಾಡೂದು ಅರ್ಥಿಂಗ್. ಗದಗ, ನವಲಗುಂದ, ಹುಬ್ಬಳ್ಳಿ ಎಲ್ಲಾ ಎರೆಮಣ್ಣು. ಮಳಿಗಾಲದಾಗ ಉಬ್ಬಿ ಪೈಪಿಗೆ ಅಪ್ಪಿಕೊಂಡಿರ್ತೈತಿ, ಅರ್ಥಿಂಗ್ ಬರೋಬ್ಬರಿ. ಏಪ್ರಿಲ್‌ನಾಗ ಬಿರುಕು ಬಿಟ್ಟು ಪೈಪಿನ ಸುತ್ತ ಕೈ ಬೆರಳು ಹೋಗೋವಷ್ಟು ಸಂದು ಆಗ್ತೈತಿ, ಮಣ್ಣಿಗೂ ಪೈಪಿಗೂ ಸಂಬಂಧಾನ ಇರೂದಿಲ್ಲ. ಆಗ ಚಾರ್ಜರ್ ಡಬ್ಬಿ ಕೆಂಪು ದೀಪ ಹಚ್ಚಿ ನಿಂದರ್ತೈತಿ, ಮಂದಿ ಕಾರು ಕೆಟ್ಟೈತಿ ಅಂತ ಓಡ್ತಾರ. ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ನಡುವ ಮಲ್ಟಿಮೀಟರ್ ಹಿಡೀರಿ, ಕಾರು ಚಾರ್ಜ್ ಆಗೂಮುಂದ 2–3 ವೋಲ್ಟ್ ಒಳಗ ಇರಬೇಕು. ಹೊಸ ಗುಂಡಿ ಹೊಡಿಸಿದ್ರ 8–10 ಫೂಟ್ ಪೈಪ್ ಹಾಕಿ ಸುತ್ತ ಬೆಂಟೋನೈಟ್ ಜೇಡಿಮಣ್ಣು ತುಂಬಸ್ರಿ, ಅದು ಹಸಿ ಹಿಡೀತೈತಿ. ಬ್ಯಾಸಗ್ಯಾಗ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕ್ರಿ.

ಲೋಡ್ 2 ಕಿಲೋವ್ಯಾಟ್ ಸಾಲೂದಿಲ್ಲ. ಹೆಸ್ಕಾಂ ಸೆಕ್ಷನ್ ಆಫೀಸಿನಾಗ ಅರ್ಜಿ ಹಾಕಿ 5 ಮಾಡಿಸ್ರಿ. ಗೃಹಜ್ಯೋತಿ ಲೆಕ್ಕಾನೂ ಮೊದಲ ಹಾಕ್ರಿ: ದಿನಕ್ಕ 18–19 ಯೂನಿಟ್, ತಿಂಗಳಿಗೆ 470ರ ಮ್ಯಾಲ. 200 ದಾಟಿದ ಕೂಡಲೇ ಪೂರಾ ಬಿಲ್ ನಿಮ್ಮ ಮ್ಯಾಲ. ಕಾರಿಗೆ ಪ್ರತ್ಯೇಕ ಮೀಟರ್ ತಗೊಂಡ್ರ ಮನೀ ಮೀಟರಿನ ಸವಲತ್ತು ಉಳೀತೈತಿ, ಇವಿ ಚಾರ್ಜಿಂಗ್‌ಗೆ ದರ ಪಟ್ಟಿನೂ ಬ್ಯಾರೇನ ಐತಿ. ಆಫೀಸಿನಾಗ ಎರಡೂ ಸೇರಿಸಿ ಕೇಳ್ರಿ.

ಸಪ್ತಾಪುರ_ಧಾರವಾಡ:
ಮಾರುವ ಬೆಲೆಯ ಬಗ್ಗೆ ನೇರವಾಗಿ ಹೇಳುತ್ತೇನೆ. ಈ ಕಾರಿನ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ, ಯಾವುದು ಮೊದಲೋ ಅದು. ನೀವು ತಿಂಗಳಿಗೆ 3,100 ಕಿ.ಮೀ ಓಡಿಸುತ್ತೀರಿ. ಉಳಿದಿರುವುದು 98,000. ಅಂದರೆ ಎರಡೂವರೆ ವರ್ಷ ಚಿಲ್ಲರೆಯಲ್ಲಿ ಕಿಲೋಮೀಟರ್ ಲೆಕ್ಕದಲ್ಲೇ ವಾರಂಟಿ ಮುಗಿಯುತ್ತದೆ. ಮೂರು ವರ್ಷದ ನಂತರ ನೀವು ಮಾರಲು ಹೊರಡುವುದು ವಾರಂಟಿ ಇಲ್ಲದ ಕಾರನ್ನು. ಕೊಳ್ಳುವವರು ಅದನ್ನೇ ಹಿಡಿದು ಚೌಕಾಸಿ ಮಾಡುತ್ತಾರೆ. ಆದ್ದರಿಂದ ವಾಪಸ್ ಬರುವ ಹಣವನ್ನು ಸೊನ್ನೆ ಎಂದೇ ಹಿಡಿದು ಇವತ್ತಿನ ಬೆಲೆ ಒಪ್ಪಿಗೆಯೋ ಎಂದು ನೋಡಿ.

ನಿಮ್ಮ ಓಡಾಟಕ್ಕೆ ಆ ಲೆಕ್ಕ ಕೂಡಿ ಬರುತ್ತದೆ. ಲೀಟರಿಗೆ 15 ಕಿ.ಮೀ ಕೊಡುವ ಪೆಟ್ರೋಲ್ ಕಾರಿಗೆ ದಿನಕ್ಕೆ 8 ಲೀಟರ್, 800 ರೂಪಾಯಿಗೂ ಹೆಚ್ಚು. ಇಲ್ಲಿ ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 115 ದಾಟುವುದಿಲ್ಲ. ದಿನಕ್ಕೆ 30 ಕಿ.ಮೀ ಓಡಿಸುವವರಿಗೆ ಇದೇ ಸಲಹೆ ನಾನು ಕೊಡುವುದಿಲ್ಲ.

ಹಳೇ ಇವಿ ಬೆಲೆ ಬೀಳಲು ಕಾರಣಗಳಿವೆ. ಹೊಸ ನೆಕ್ಸಾನ್ 45 ಕಿಲೋವ್ಯಾಟ್-ಅವರ್ ಬ್ಯಾಟರಿಯಲ್ಲಿ ಬರುತ್ತಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು, ಇವಿಗೆ ಮೊದಲಿನ 5 ಹಾಗೇ ಉಳಿಯಿತು. ಪೆಟ್ರೋಲ್ ಕಾರಿಗೂ ಇವಿಗೂ ಇದ್ದ ತೆರಿಗೆಯ ಅಂತರ ಕಡಿಮೆಯಾಯಿತು. ಬೆಲೆ ಮಾತಾಡುವಾಗ ಇವೆರಡನ್ನೂ ಎತ್ತಿ. ಮಾಲೀಕರಿಂದ ನೇರ ಕೊಂಡರೆ ಜಿಎಸ್‌ಟಿ ಇಲ್ಲ, ಡೀಲರ್ ಮೂಲಕವಾದರೆ ಅವರ ಲಾಭದ ಮೇಲೆ 18% ಇರುತ್ತದೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಫಾರ್ಮ್ 35 (ಸಾಲ ತೀರಿದೆ ಎಂಬ ಪತ್ರ) ಕೈಗೆ ಬಂದ ಮೇಲೆಯೇ ಪೂರ್ತಿ ಹಣ ಕೊಡಿ.

ಅಗ್ಗಕ್ಕೆ ಸಿಗುವ ಹಳೇ ಟಿಗೋರ್ ಇವಿ ಕಡೆ ಮನಸ್ಸು ಹೋದರೆ ಎಚ್ಚರ. 2021ರ ಆಗಸ್ಟ್‌ಗಿಂತ ಮೊದಲಿನವಕ್ಕೆ ಈಗಿನ ಸಿಸಿಎಸ್-2 ಗನ್ (ಫಾಸ್ಟ್ ಚಾರ್ಜರ್‌ನ ಪ್ಲಗ್) ಕೂಡುವುದಿಲ್ಲ, ಹೆದ್ದಾರಿಯ ಚಾರ್ಜರ್‌ಗಳು ಉಪಯೋಗಕ್ಕೆ ಬರುವುದಿಲ್ಲ.

ವಿನ್ಯಾಸದ ಮಾತು: ನೆಕ್ಸಾನ್ ಪೆಟ್ರೋಲ್ ಕಾರಿನ ಒಡಲಿಗೇ ಬ್ಯಾಟರಿ ಕೂಡಿಸಿದ್ದು. ಕೆಲವರಿಗೆ ಅದು ಹಿಡಿಸುವುದಿಲ್ಲ. ನನಗೆ ಈ ಭಾಗದಲ್ಲಿ ಅದೇ ಅನುಕೂಲ ಅನ್ನಿಸುತ್ತದೆ. ಎತ್ತರ ಇದೆ, ಎಸಿಗೆ ತಿರುಗಿಸುವ ಗುಂಡಿ ಇದೆ, ಧೂಳು ಕೂತು ಸಿಕ್ಕಿಕೊಳ್ಳುವ ಒಳಸೇರಿದ ಬಾಗಿಲ ಹಿಡಿಕೆ ಇಲ್ಲ.

ಬೆಟಗೇರಿ_ಗದಗ:
ಭಾಳ ಉಪಕಾರ ಆತ್ರಿ. ಬ್ಯಾಟರಿ 85% ಉಳದಿದ್ರ ಎಸಿ ಹಾಕ್ಕೊಂಡು ಹುಬ್ಬಳ್ಳಿಗೆ ಹೋಗಿ ನಡುವ ಚಾರ್ಜ್ ಮಾಡದ ವಾಪಸ್ ಬರಬಹುದಲ್ರಿ?

ಹಾವೇರಿ_ಹೈವೇ:
ಬರಬಹುದ್ರಿ. 85% ಅಂದ್ರ ಬಳಸಾಕ ಸಿಗೋದು ಹತ್ರ ಹತ್ರ 24 ಯೂನಿಟ್. 80ರ ವೇಗಕ್ಕ ಕಿ.ಮೀಗೆ 140 ವ್ಯಾಟ್-ಅವರ್ ಹಿಡದ್ರ 170 ಕಿ.ಮೀ ಆಗ್ತೈತಿ.

ಆಷಾಢದ ಗಾಳಿ ಒಂದು ಲೆಕ್ಕಕ್ಕ ಇಟ್ಕೋರಿ. ಗದಗ ಸುತ್ತ ಕರೆಂಟ್ ತಯಾರಿಸೋ ಗಾಳಿ ಪಂಖಾ ನಿಂತಿರೋದ ಆ ಗಾಳಿಗೆ. ಪಶ್ಚಿಮದಿಂದ ಬೀಸ್ತೈತಿ, ಮುಂಜಾನೆ ಹುಬ್ಬಳ್ಳಿ ಕಡೆ ಹೋಗೂಮುಂದ ಎದುರಿಗೆ ಬರ್ತೈತಿ. 80ರಾಗ ಹೋಗೋ ಗಾಡಿಗೆ 25ರ ಎದುರು ಗಾಳಿ ಬಂದ್ರ 105ರಾಗ ಹೋದಷ್ಟ ಗಾಳಿ ಒತ್ತಡ. ಒತ್ತಡ ವೇಗದ ವರ್ಗದಂಗ ಏರೂದರಿಂದ ಅದು ಒಂದೂ ಮುಕ್ಕಾಲು ಪಟ್ಟಿನ ಹತ್ರ ಹೋಗ್ತೈತಿ. ಆ ತಿಂಗಳದಾಗ 65–70ರಾಗ ಹೋಗ್ರಿ. ಸಂಜಿಮುಂದ ಅದ ಗಾಳಿ ಬೆನ್ನಿಗೆ ಬಂದು ಒಂದಿಷ್ಟು ವಾಪಸ್ ಕೊಡ್ತೈತಿ, ಪೂರಾ ಅಲ್ಲ.

ಹುಬ್ಬಳ್ಳ್ಯಾಗ ಅವಸರಕ್ಕ ಫಾಸ್ಟ್ ಚಾರ್ಜರ್‌ಗೆ ಹಚ್ಚಿದ್ರ 80%ಗೆ ಬಿಡಿಸ್ರಿ, ಮುಂದ ಭಾಳ ನಿಧಾನ ಆಗ್ತೈತಿ. ಮನ್ಯಾಗ ಮಾತ್ರ ವಾರಕ್ಕೊಮ್ಮೆ 100% ಆಗೂತನಕ ಬಿಡ್ರಿ, ಸೆಲ್ ಸಮಾ ಆಗೂದು ಆ ಕೊನೀ ಹಂತದಾಗ. ಟೈರಿನ ಗಾಳಿ ಹದಿನೈದು ದಿನಕ್ಕೊಮ್ಮೆ ನೋಡಸ್ರಿ. ಮತ್ತ 12 ವೋಲ್ಟ್ ಸಣ್ಣ ಬ್ಯಾಟರಿ 2021ರದ್ದ ಇದ್ರ ಗಾಡಿ ತಗೊಂಡ ವಾರಾನ ಬದಲಸ್ರಿ. ಅದು ಸತ್ತ್ರ ದೊಡ್ಡ ಬ್ಯಾಟರಿ ತುಂಬಿದ್ರೂ ಗಾಡಿ ಚಾಲೂ ಆಗೂದಿಲ್ಲ.